ತಿದ್ದಿದ ಕೆರೆ

ನಿಜ್ವಾ, ಒಮಾನ್
14 ನವೆಂಬರ್ 1997

ರೂಪಾ,

ನೀನು ಇದನ್ನು ಓದುವಾಗ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ ಎಂದು ಗೊತ್ತು. ಆದ್ದರಿಂದ ಮೊದಲು ಅವಳಿಗೆ: ಊಟ ಚೆನ್ನಾಗಿದೆ, ಮುದ್ದೆ ಒಂದಿಲ್ಲ ಅಷ್ಟೆ. ಟವರ್ ಹತ್ತುವಾಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳುತ್ತೇನೆ. ಇನ್ನು ಅವಳು ಎದ್ದು ಹೋಗಬಹುದು.

ಈಗ ನಿನಗೆ. ಅಂತರಸನಹಳ್ಳಿಯ ಶೆಡ್ಡಿನಲ್ಲಿ ಹೈಟೆನ್ಷನ್ ಟವರಿನ ಕಬ್ಬಿಣಕ್ಕೆ ತೂತು ಕೊರೆಯುತ್ತಿದ್ದಾಗ, ಈ ಟವರ್ ಹೋಗಿ ನಿಲ್ಲುವುದೆಲ್ಲಿ ಎಂದು ಒಂದು ದಿನವೂ ಯೋಚಿಸಿದವನಲ್ಲ ನಾನು. ಈಗ ಅದರ ತುದಿಯಲ್ಲಿ ಕೂತು ನೋಡುತ್ತಿದ್ದೇನೆ. ಇಲ್ಲಿಯ ಬೆಟ್ಟಗಳಿಗೆ ಒಂದು ಗರಿಕೆಯೂ ಇಲ್ಲ. ಭೂಮಿ ತನ್ನ ಮೂಳೆಯನ್ನೇ ತೋರಿಸುತ್ತಾ ಮಲಗಿದೆ. ಮೊದಲ ದಿನ ಹೆದರಿಕೆಯಾಯಿತು, ಎರಡನೆಯ ದಿನ ಕೈ ಮುಗಿದೆ.

ಮೊದಲ ಸಂಬಳದಲ್ಲಿ ಕ್ಯಾಮೆರಾ ಕೊಂಡುಬಿಟ್ಟೆ. ಬೈಯಬೇಡ. ರೋಲುಗಳನ್ನು ರಜೆಗೆ ಬರುತ್ತಿರುವ ಗುಬ್ಬಿಯ ಕಾಂತೇಶನ ಕೈಯಲ್ಲಿ ಕಳಿಸಿದ್ದೇನೆ. ಲ್ಯಾಬ್ ಇಲ್ಲೂ ಇವೆ. ಆದರೆ ಕಲರ್ ಲ್ಯಾಬಿನಲ್ಲಿ ಪ್ರಿಂಟ್ ತೆಗೆಯುವವಳನ್ನೇ ಕಟ್ಟಿಕೊಂಡು ಬೇರೆಯವರಿಗೆ ಕೊಡಲೇ? ನಾನು ಕಂಡದ್ದನ್ನು ಎಲ್ಲರಿಗಿಂತ ಮೊದಲು ನೀನು ಕಾಣಬೇಕು. ಮದುವೆಯಾಗಿ ಮೂರು ತಿಂಗಳಿಗೇ ಬಿಟ್ಟು ಬಂದವನು ಇನ್ನೇನು ತಾನೆ ಕೊಡಲಿ?

ನಿನ್ನ
ಸಂಗಮೇಶ


ಉಪ್ಪಾರಹಳ್ಳಿ, ತುಮಕೂರು
9 ಜನವರಿ 1998

ನಮ್ಮನೆಯವರಿಗೆ,

ಅತ್ತೆ ಎದ್ದು ಹೋಗಲಿಲ್ಲ. ಪೂರ್ತಿ ಓದಿಸಿಕೊಂಡೇ ಎದ್ದರು. ಕ್ಯಾಮೆರಾ ವಿಷಯಕ್ಕೆ ನನ್ನ ಬದಲು ಅವರೇ ಬೈದಿದ್ದಾರೆ, ತಲುಪಿತು ಎಂದು ತಿಳಿಯಿರಿ.

ರೋಲು ತೊಳೆದಾಗ ನನ್ನ ಜೀವ ಬಾಯಿಗೆ ಬಂತು. ಎಲ್ಲ ಗುಲಾಬಿ. ಬೆಟ್ಟ ಗುಲಾಬಿ, ಮರಳು ಗುಲಾಬಿ, ಕಾಂತೇಶಣ್ಣನ ಬನಿಯನ್ ಗುಲಾಬಿ, ಅವರ ಹಲ್ಲೂ ಗುಲಾಬಿ. ರೋಲುಗಳನ್ನು ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದಿರಾ? ಬಿಸಿಲಿಗೆ ಬೆಂದ ಫಿಲ್ಮ್ ಹೀಗೆ ತಿರುಗಿಕೊಳ್ಳುತ್ತದೆ.

ಆದರೆ ಇಂಥದ್ದನ್ನು ರಿಪೇರಿ ಮಾಡುವುದೇ ನನ್ನ ಕೆಲಸ. ನಮ್ಮ ಮೆಷಿನ್ನಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಗುಂಡಿ ಇದೆ. ಫೋಟೋದಲ್ಲಿ ಬಿಳಿಯದ್ದು ಏನಾದರೂ ಒಂದನ್ನು ಹಿಡಿಯಬೇಕು, ಅದು ಬಿಳಿಯಾಗುವ ತನಕ ತಿದ್ದಬೇಕು. ಅದೊಂದು ಬಿಳಿಯಾದರೆ ಉಳಿದದ್ದೆಲ್ಲ ತಾನಾಗಿ ತನ್ನ ಬಣ್ಣಕ್ಕೆ ಬಂದು ಕೂರುತ್ತದೆ. ಕಾಂತೇಶಣ್ಣನ ಬನಿಯನ್ನು ಹಿಡಿದೆ. ಬನಿಯನ್ ಬಿಳಿಯಾಯಿತು, ನಿಮ್ಮ ಬೆಟ್ಟ ಹೊರಗೆ ಬಂತು.

ಅದು ಪೇಪರಿನ ಮೇಲೆ ಬಂದಾಗ ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆನಂತೆ. ನಮ್ಮ ಓನರ್ ಗುರುಸಿದ್ದಯ್ಯನವರು ಓಡಿ ಬಂದು, "ಏನಮ್ಮಾ, ಮೆಷಿನ್ ಕೆಟ್ಟೋಯ್ತಾ?" ಅಂದರು. ದಿನವೆಲ್ಲ ಮದುಮಕ್ಕಳ ಮುಖವನ್ನು ಒಂದು ಪಟ್ಟು ಹೆಚ್ಚು ಬೆಳ್ಳಗೆ ಮಾಡುತ್ತಾ ಕೂರುವವಳು ನಾನು. ಅಷ್ಟು ಖಾಲಿಯಾದ, ಅಷ್ಟು ದೊಡ್ಡದಾದ ಜಾಗವೊಂದು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅಲ್ಲಿ ನೀವು ಒಬ್ಬರೇ ಇದ್ದೀರಿ ಎಂದು ಆಮೇಲೆ ಹೊಳೆಯಿತು. ಅವತ್ತು ಮನೆಗೆ ನಡೆದೇ ಬಂದೆ, ಬಸ್ಸು ಹತ್ತಬೇಕು ಅನ್ನಿಸಲಿಲ್ಲ.

ರೂಪ


ಡಾಕಾರ್, ಸೆನೆಗಲ್
7 ಫೆಬ್ರವರಿ 1999

ರೂಪಾ,

ಆಫ್ರಿಕಾದ ಪಡುವಣ ತುದಿಗೆ ಬಂದು ಬಿದ್ದಿದ್ದೇನೆ. ಮುಂದೆ ಸಮುದ್ರ, ಹಿಂದೆ ಮರಳುಗಾಡಿನ ಧೂಳು. ಆ ಒಮಾನಿನ ಬೆಟ್ಟಗಳನ್ನು ನೀನು ತಿದ್ದಿ ಉಳಿಸಿದ್ದನ್ನು ಇಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ನನ್ನ ಹೆಂಡತಿಯ ಕೈಗೆ ಹೋದ ಮೇಲೆ ಕೆಟ್ಟ ಫಿಲ್ಮೇ ಇಲ್ಲ ಎಂದು ಕೊಚ್ಚಿಕೊಂಡಿದ್ದೇನೆ.

ಈಗ ಮುಖ್ಯ ವಿಷಯ. ಕಾಂತೇಶನ ನೆಂಟರು ಷಡಕ್ಷರಿ ಎಂಬುವರು, ಗುಬ್ಬಿಯವರೇ, ಬೆಂಗಳೂರಿನಲ್ಲಿ ಕ್ಯಾಲೆಂಡರ್ ಅಚ್ಚು ಹಾಕುತ್ತಾರೆ. ಬರುವ ವರ್ಷಕ್ಕೆ ಹೊರದೇಶದ ನೋಟಗಳ ಕ್ಯಾಲೆಂಡರ್ ಮಾಡುವ ಮನಸ್ಸಿದೆಯಂತೆ. ಒಳಗಿನ ಹಾಳೆಗಳಿಗೆ ನನ್ನ ಹಳೆಯ ಫೋಟೋಗಳು ಸಾಕು, ಮುಖಪುಟಕ್ಕೆ ಮಾತ್ರ ಜನ ನಿಂತು ನೋಡುವಂಥದ್ದು ಬೇಕು ಅಂದಿದ್ದಾರೆ. ಅದು ಒಪ್ಪಿಗೆಯಾದರೆ ವರ್ಷ ವರ್ಷವೂ ಕೆಲಸ ಕೊಡುತ್ತಾರೆ. ಜುಲೈನಲ್ಲಿ ನನ್ನ ಕರಾರು ಮುಗಿಯುತ್ತದೆ. ಕ್ಯಾಲೆಂಡರ್ ಸಿಕ್ಕರೆ ಮತ್ತೆ ಸಹಿ ಹಾಕುವುದಿಲ್ಲ, ಗಂಟುಮೂಟೆ ಕಟ್ಟಿ ಮನೆಗೆ ಬಂದುಬಿಡುತ್ತೇನೆ. ಗುಬ್ಬಿಯಲ್ಲಿ ಒಂದು ಸ್ಟುಡಿಯೋ ಹಾಕೋಣ. ನಾನು ತೆಗೆಯುವುದು, ನೀನು ಪ್ರಿಂಟ್ ಮಾಡುವುದು.

ಆ ಮುಖಪುಟ ಈ ರೋಲಿನಲ್ಲಿದೆ. ಒಂದು ಕೆರೆ. ಅದನ್ನು ಕಂಡಾಗ ನನ್ನ ಬಾಯಿ ನಿಂತುಹೋಯಿತು. ಅದು ನಿಲ್ಲುವುದು ಎಷ್ಟು ಅಪರೂಪ ಎಂದು ನಿನಗೆ ಗೊತ್ತು. ನಾನು ಏನು ಹೇಳಿದರೂ ಉಪ್ಪು ಖಾರ ಹಚ್ಚಿದ್ದೇನೆ ಅನ್ನುತ್ತೀರಿ, ಅದಕ್ಕೇ ಒಂದಕ್ಷರವೂ ಹೇಳುವುದಿಲ್ಲ. ಈ ಸಲವೂ ರೋಲು ತರುವವನು ಕಾಂತೇಶನೇ, ಆದರೆ ಅವತ್ತು ಜೊತೆಗಿರಲಿಲ್ಲ, ಅವನನ್ನು ಕೇಳಿ ಪ್ರಯೋಜನವಿಲ್ಲ. ನೀನೇ ನೋಡು. ನೋಡಿ ನನಗೆ ಬರೆ. ಆ ಪತ್ರಕ್ಕೆ ಈಗಿನಿಂದಲೇ ಕಾಯುತ್ತಿದ್ದೇನೆ.

ಸಂಗಮೇಶ


ಉಪ್ಪಾರಹಳ್ಳಿ
24 ಮಾರ್ಚ್ 1999

ನಮ್ಮನೆಯವರಿಗೆ,

ಕೆರೆಯ ಫೋಟೋಗಳನ್ನು ದೊಡ್ಡ ಸೈಜಿನಲ್ಲಿ ತೆಗೆದು, ನಾನೇ ಬೆಂಗಳೂರಿಗೆ ಹೋಗಿ ಷಡಕ್ಷರಿಯವರ ಕೈಗೆ ಕೊಟ್ಟು ಬಂದೆ. ಚಿಕ್ಕವನ್ನು ನಿಮಗೆ ಇದರ ಜೊತೆ ಇಟ್ಟಿದ್ದೇನೆ. ಫಿಲ್ಮಿನ ಬಗ್ಗೆ ಏನೂ ಯೋಚನೆ ಮಾಡಬೇಡಿ, ಎಲ್ಲ ಚೆನ್ನಾಗಿ ಬಂದಿದೆ.

ಒಂದು ಮಾತು ಹೇಳುತ್ತೇನೆ, ನಗಬೇಡಿ. ಮೊದಲು ನೋಡಿದಾಗ ಇದರಲ್ಲಿ ಅಂಥದ್ದೇನಿದೆ ಅನ್ನಿಸಿತು. ನೀಲಿ ನೀರು, ದಡದಲ್ಲಿ ಹಸಿರು ಏರಿ, ನೀರಿನಲ್ಲಿ ನಿಂತ ಒಂದಿಬ್ಬರು, ಮಂಜು ಕವಿದ ಆಕಾಶ. ಬಾಯಿ ನಿಲ್ಲಿಸುವಂಥದ್ದು ಏನು ಎಂದು ತಿರುಗಿಸಿ ಮುರುಗಿಸಿ ನೋಡಿದೆ. ಸಂಜೆ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಅಯ್ಯೋ, ನಮ್ ಕುಣಿಗಲ್ ಕೆರೆ ಕಣೇ ಇದು. ಇಲ್ಲೇ ಅಲ್ವಾ ಅವ್ನು ಈಜು ಕಲ್ತಿದ್ದು" ಅಂದರು.

ಆಗ ನನಗೆ ಅರ್ಥವಾಯಿತು. ಅಷ್ಟು ದೂರದಲ್ಲಿ, ಹುಟ್ಟಿದ ಊರಿನ ಕೆರೆಯಂಥದ್ದೇ ಕೆರೆ ಕಂಡಿದೆ ನಿಮಗೆ. ಹೇಳಿಕೊಳ್ಳಲು ನಾಚಿಕೆಯಾಗಿ ನೀನೇ ನೋಡು ಅಂದಿದ್ದೀರಿ. ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಬಂದುಬಿಡಿ. ಜುಲೈ ಇನ್ನೇನು ದೂರವಿಲ್ಲ.

ರೂಪ


ಉಪ್ಪಾರಹಳ್ಳಿ
20 ಏಪ್ರಿಲ್ 1999

ನಮ್ಮನೆಯವರಿಗೆ,

ಷಡಕ್ಷರಿಯವರು ಬೇಡ ಅಂದರು. ಅವರು ಕೆಟ್ಟ ಮನುಷ್ಯರಲ್ಲ, ಕೂರಿಸಿ ಕಾಫಿ ಕೊಟ್ಟೇ ಹೇಳಿದರು. ಜನ ಗೋಡೆಗೆ ಕ್ಯಾಲೆಂಡರ್ ಹಾಕುವುದು ತಾವು ಕಾಣದ್ದನ್ನು ಕಾಣುವುದಕ್ಕಂತೆ. "ಇಂಥ ಕೆರೆ ನೋಡೋಕೆ ಆಫ್ರಿಕಾ ಯಾಕಮ್ಮಾ, ಕುಣಿಗಲ್ ಬಸ್ ಹತ್ತಿದ್ರೆ ಸಾಕಲ್ವಾ?" ಅಂದರು. ಮುಖಪುಟವಿಲ್ಲದೆ ಉಳಿದವೂ ಬೇಡವಂತೆ.

ನಿಮಗೆ ಹೇಗೆ ಬರೆಯಲಿ ಎಂದು ಎರಡು ಹಾಳೆ ಹರಿದು ಹಾಕಿದೆ. ಕ್ಯಾಲೆಂಡರ್ ಇಲ್ಲದಿದ್ದರೂ ಬನ್ನಿ. ಹೇಗೋ ನಡೆಯುತ್ತದೆ.

ರೂಪ


ಡಾಕಾರ್
11 ಮೇ 1999

ರೂಪಶ್ರೀ,

ಎರಡು ಪತ್ರವೂ ಒಟ್ಟಿಗೆ ಬಂದವು. ಫೋಟೋಗಳೂ ಬಂದವು. ಇದು ಯಾವ ಕೆರೆ?

ನಾನು ಕಂಡ ಕೆರೆಯ ನೀರು ಗುಲಾಬಿ. ಬಿಸಿಲಿಗೆ ಅಲ್ಲ, ಸಂಜೆಗೆ ಅಲ್ಲ, ಹಾಡುಹಗಲಲ್ಲಿ ನೀರೇ ಗುಲಾಬಿ. ಹೊತ್ತು ಏರಿದಂತೆ ಇನ್ನೂ ಗಾಢವಾಗುತ್ತದೆ. ಉಪ್ಪು ಎಷ್ಟಿದೆಯೆಂದರೆ ಮಲಗಿದರೆ ಮನುಷ್ಯ ತೇಲುತ್ತಾನೆ. ಗಂಡಸರು ಎದೆಮಟ್ಟ ನೀರಿನಲ್ಲಿ ನಿಂತು ತಳದ ಉಪ್ಪನ್ನು ಕೆದರಿ ತೆಗೆಯುತ್ತಾರೆ, ಹೆಂಗಸರು ತಲೆಯ ಮೇಲೆ ಹೊತ್ತು ದಡದಲ್ಲಿ ಗುಡ್ಡೆ ಹಾಕುತ್ತಾರೆ. ನೀನು ಹಸಿರು ಏರಿ ಎಂದು ಬರೆದೆಯಲ್ಲ, ಅದು ಉಪ್ಪು. ಆಕಾಶದಲ್ಲಿ ಇದ್ದದ್ದು ಮಂಜಲ್ಲ, ಧೂಳು.

ಫಿಲ್ಮ್ ಕೆಟ್ಟಿರಲಿಲ್ಲ. ಈ ಸಲ ಐಸ್ ಪೆಟ್ಟಿಗೆಯಲ್ಲಿ ಇಟ್ಟು ಕಾಪಾಡಿದ್ದೆ. ನೀನು ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಕಂಪನಿಯವರು ಕಾಗದ ತಂದರು. ಸಹಿ ಹಾಕಿದೆ. ಇನ್ನು ಎರಡು ವರ್ಷ, ಮಾಲಿ ದೇಶದಲ್ಲಿ.

ಸಂಗಮೇಶ


ಉಪ್ಪಾರಹಳ್ಳಿ
15 ಜೂನ್ 1999

ನಮ್ಮನೆಯವರಿಗೆ,

ನಿಮ್ಮ ಪತ್ರ ಓದಿ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಆ ನೆಗೆಟಿವನ್ನು ಮತ್ತೆ ಮೆಷಿನ್ನಿಗೆ ಹಾಕಿದೆ. ಮೆಷಿನ್ ತಾನಾಗಿ ತಿದ್ದುವುದನ್ನು ನಿಲ್ಲಿಸಿದ ಮೇಲೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ ಎಂದರೆ ನಂಬಿ.

ಪ್ರಿಂಟ್ ಹೊರಗೆ ಬಂತು. ನಾನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಇಡೀ ಕೆರೆ ಗುಲಾಬಿ, ಅದರ ದಡದಲ್ಲಿ ಬೆಳ್ಳನೆಯ ಉಪ್ಪು, ಉಪ್ಪಿನ ಪಕ್ಕದಲ್ಲಿ ಕಪ್ಪು ಮೈಯ ಮನುಷ್ಯ ಸೊಂಟದ ತನಕ ಆ ಬಣ್ಣದೊಳಗೆ ನಿಂತು ನನ್ನ ಕಡೆಗೇ ನೋಡುತ್ತಿದ್ದಾನೆ. ಅವನಿಗೆ ಅದೇನೂ ವಿಶೇಷವಲ್ಲ. ಕೆಲಸಕ್ಕೆ ಬಂದಿದ್ದಾನೆ ಅಷ್ಟೆ. ಭೂಮಿಯ ಮೇಲೆ ಇಂಥದ್ದು ಇದೆ, ಅದು ನನ್ನ ಕೈಯ ಮೂಲಕ ಬಂತು, ನಾನು ಅದನ್ನು ಒರೆಸಿ ಕುಣಿಗಲ್ ಕೆರೆ ಮಾಡಿ ಕಳಿಸಿದೆ.

ನನ್ನ ಕಡೆಯ ಮಾತನ್ನೂ ಕೇಳಿ. ಹಿಡಿದು ತಿದ್ದಲು ಬಿಳಿಯದ್ದು ಒಂದು ಬೇಕಿತ್ತು. ಆ ಗುಡ್ಡೆಗಳು ಮಣ್ಣೋ ಸುಣ್ಣವೋ ನನಗೆ ಹೇಗೆ ತಿಳಿಯಬೇಕು? ಆಕಾಶಕ್ಕೂ ಬಣ್ಣವಿರಲಿಲ್ಲ. ಗೊತ್ತಿರುವುದು ನೀರೊಂದೇ, ಕೆರೆಯ ನೀರು ನೀಲಿ ತಾನೆ ಎಂದು ಅದನ್ನೇ ಹಿಡಿದು ತಿದ್ದಿದೆ. ಹೋದ ಸಲ ಫಿಲ್ಮ್ ಬೆಂದಿದೆ ಅಂದಾಗ ನಿಮಗೆ ಬೇಜಾರಾಗಿರಬೇಕು, ಈ ಸಲ ಹೇಳುವುದು ಬೇಡ ಎಂದು ಸುಮ್ಮನಾದೆ. ನೀವು ಗುಲಾಬಿ ಎಂಬ ಒಂದೇ ಒಂದು ಪದ ಬರೆದಿದ್ದರೆ ಸಾಕಿತ್ತು. ನೀವೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಪ್ರಿಂಟ್ ಹಿಡಿದು ಷಡಕ್ಷರಿಯವರ ಹತ್ತಿರ ಮತ್ತೆ ಹೋಗಿದ್ದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಇದನ್ನ ಅಚ್ಚು ಹಾಕಿದ್ರೆ ಇಂಕ್ ಕೆಟ್ಟದೆ ಅಂತ ಅಂಗಡಿಯೋರೆಲ್ಲ ವಾಪಸ್ ತಂದು ಬಿಸಾಕ್ತಾರಮ್ಮಾ" ಅಂದರು. ಅವರೂ ನನ್ನ ಹಾಗೆಯೇ.

ಗುರುಸಿದ್ದಯ್ಯನವರು ಮಾತ್ರ ಅದನ್ನು ದೊಡ್ಡದು ಮಾಡಿಸಿ ಲ್ಯಾಬಿನ ಮುಂದಿನ ಗಾಜಿನಲ್ಲಿ ಹಾಕಿದ್ದಾರೆ. ಜನ ನಿಲ್ಲುತ್ತಾರೆ, ಜಗಳವಾಡುತ್ತಾರೆ. ಎದುರಿನ ಟೀ ಅಂಗಡಿ ಯಲ್ಲಯ್ಯ ಅದಕ್ಕೆ ಬೀಟ್‌ರೂಟ್ ಕೆರೆ ಎಂದು ಹೆಸರಿಟ್ಟಿದ್ದಾನೆ. ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗಾಜಿನ ಹತ್ತಿರಕ್ಕೆ ಹೋಗಿ ನೋಡಿ, "ಯಾವ್ ತಾಯಿ ಕುಂಕುಮದ ಕೈ ತೊಳ್ದವ್ಳೋ ಕಾಣೆ ಬುಡು" ಅಂದು ಚಪ್ಪಲಿ ಬಿಟ್ಟು ಕೈ ಮುಗಿದರು. ಫುಟ್‌ಪಾತಿನಲ್ಲಿ.

ನನ್ನ ಮೇಲೆ ಕೋಪವಿದ್ದರೂ ಬರೆಯಿರಿ.

ರೂಪ


ಉಪ್ಪಾರಹಳ್ಳಿ
2 ನವೆಂಬರ್ 1999

ನಮ್ಮನೆಯವರಿಗೆ,

ಕಾಂತೇಶಣ್ಣ ಮನೆಗೆ ಬರೆದ ಪತ್ರದಿಂದ ನೀವು ಚೆನ್ನಾಗಿದ್ದೀರಿ ಎಂದು ತಿಳಿಯಿತು. ನಾವೂ ಚೆನ್ನಾಗಿದ್ದೇವೆ. ಅತ್ತೆ ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯಲು ಕೂರುತ್ತಾರೆ. ಅವರೆಕಾಯಿ ಇಲ್ಲದ ದಿನವೂ ಕೂರುತ್ತಾರೆ.

ರೂಪ


ಕಾಯ್ಸ್, ಮಾಲಿ
20 ಫೆಬ್ರವರಿ 2000

ರೂಪಾ,

ಅಮ್ಮನಿಗೆ ಒಳಗೆ ಹೋಗಿ ಕೂರಲು ಹೇಳು. ಪತ್ರ ಬಂದಿದೆ.

ನಾನು ಬರೆಯದಿದ್ದದ್ದು ಕೋಪಕ್ಕಲ್ಲ. ಮೊದಲ ತಿಂಗಳು ಕೋಪವಿತ್ತು, ನಿಜ. ಆಮೇಲೆ ನಿನ್ನ ಹಳೆಯ ಪತ್ರ ತೆಗೆದು ಓದಿದೆ. ಊರಿನ ಕೆರೆ ನೆನಪಾಗಿ ನಾನು ಆ ಫೋಟೋ ತೆಗೆದೆ ಅಂದುಕೊಂಡು ನೀನು ಅತ್ತದ್ದು. ನಿಜ ಹೇಳಲೇ? ಆ ಕೆರೆಯ ಮುಂದೆ ನಿಂತಾಗ ನನಗೆ ಕುಣಿಗಲ್ಲೂ ನೆನಪಾಗಲಿಲ್ಲ, ನೀನೂ ನೆನಪಾಗಲಿಲ್ಲ. ಎಲ್ಲ ಮರೆತಿದ್ದೆ. ನೀನು ನನ್ನನ್ನು ನಾನಿರುವುದಕ್ಕಿಂತ ಒಳ್ಳೆಯವನೆಂದು ನಂಬಿದ್ದೆ. ಅದಕ್ಕೆ ಏನೆಂದು ಉತ್ತರ ಬರೆಯಲಿ? ಬರೆಯದೆ ಕೂತೆ, ಕೂತಷ್ಟೂ ಕಷ್ಟವಾಯಿತು.

ರಜೆ ಸಿಕ್ಕಿದಾಗ ಲಾರಿ ಹತ್ತಿ ಬಹಳ ದೂರ ಹೋಗಿದ್ದೆ. ಅಲ್ಲಿ ನೆಲ ಇದ್ದಕ್ಕಿದ್ದಂತೆ ಮುರಿದು ಬೀಳುತ್ತದೆ. ಕಣ್ಣು ಹಾಯುವ ತನಕ ಒಂದೇ ಬಂಡೆ, ಗೋಡೆಯಂತೆ ನೇರ. ಅದರ ಅರ್ಧದಲ್ಲಿ, ಏಣಿಯೂ ಎಟುಕದ ಕಡೆ, ಜೇನು ಕಟ್ಟಿದ ಹಾಗೆ ಮಣ್ಣಿನ ಮನೆಗಳು. ಹಿಂದಿನ ಕಾಲದವರು ಕಟ್ಟಿದ್ದಂತೆ. ಟವರ್ ಹತ್ತುವವನು ನಾನು, ನನಗೇ ಹೇಗೆ ಹತ್ತಿದರೆಂದು ತಿಳಿಯಲಿಲ್ಲ. ಕೆಳಗೆ ಒಬ್ಬ ಮುದುಕ ಈರುಳ್ಳಿ ಪಾತಿಗೆ ಸೋರೆಬುರುಡೆಯಲ್ಲಿ ನೀರು ಹಾಕುತ್ತಿದ್ದ. ಕೈ ಸನ್ನೆಯಲ್ಲಿ ಕೇಳಿದೆ. ಅವನು ಮೇಲೆ ನೋಡಿ ನಕ್ಕು ಮತ್ತೆ ನೀರು ಹಾಕಿದ.

ರೋಲು ಕಳಿಸಿದ್ದೇನೆ. ಈ ಸಲ ಬಣ್ಣ ಬರೆದುಬಿಡುತ್ತೇನೆ: ಬಂಡೆ ಸುಟ್ಟ ಇಟ್ಟಿಗೆ. ಮನೆ ಹುರಿಹಿಟ್ಟು. ಈರುಳ್ಳಿ ಪಾತಿ ಹಸಿರು, ನಿಜವಾಗಿಯೂ ಹಸಿರು.

ನಿನ್ನ
ಸಂಗಮೇಶ


ಉಪ್ಪಾರಹಳ್ಳಿ
19 ನವೆಂಬರ್ 2000

ನಮ್ಮನೆಯವರಿಗೆ,

ಆ ಬಂಡೆಯ ಮನೆಗಳು ಈಗ ಲ್ಯಾಬಿನ ಗಾಜಿನಲ್ಲಿ ಗುಲಾಬಿ ಕೆರೆಯ ಪಕ್ಕಕ್ಕೆ ಬಂದಿವೆ. ಬಾಡಿಗೆ ಎಷ್ಟಂತೆ ಎಂದು ಯಲ್ಲಯ್ಯ ದಿನಾ ಕೇಳುತ್ತಾನೆ.

ಗುರುಸಿದ್ದಯ್ಯನವರು ತಮ್ಮ ಹಳೆಯ ಕ್ಯಾಮೆರಾ ಒಂದನ್ನು ಒಂದು ವಾರ ನನಗೆ ಕೊಟ್ಟಿದ್ದರು. ಬೇರೆಯವರು ಕಂಡದ್ದನ್ನೇ ಎಷ್ಟು ದಿನ ನೋಡ್ತೀಯ, ನೀನೂ ಒಂದು ತೆಗಿ ಅಂದರು. ತೆಗೆದೆ. ಇದರ ಜೊತೆ ಇಟ್ಟಿದ್ದೇನೆ. ನಾನು ಒಂದಕ್ಷರವೂ ಹೇಳುವುದಿಲ್ಲ. ನೋಡಿ ನನಗೆ ಬರೆಯಿರಿ.

ರೂಪ


ಕಾಯ್ಸ್
10 ಜನವರಿ 2001

ರೂಪಾ,

ಫೋಟೋ ಸೊಗಸಾಗಿದೆ. ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ತೆಗೆದದ್ದು, ಅಲ್ಲವೇ? ಹೂವು ಆಕಾಶವನ್ನೇ ಮುಟ್ಟಿದೆ. ಇದು ಯಾವ ದೇಶ? ಕ್ಯಾಮೆರಾದಲ್ಲಿ ನೀನೇ ತೆಗೆದೆ ಅನ್ನುವುದು ತಮಾಷೆಗೆ ತಾನೆ, ಯಾರೋ ಗಿರಾಕಿ ಯುರೋಪಿನಿಂದ ತಂದ ರೋಲಿನಲ್ಲಿ ಸಿಕ್ಕಿರಬೇಕು.

ನಿನಗೇ ಪಾಠ ಹೇಳುವಂತಾಯಿತು, ಆದರೂ ಹೇಳುತ್ತೇನೆ. ಹಳದಿ ಹೆಚ್ಚಾಗಿದೆ. ಹೊಲದಲ್ಲಿ ಅಷ್ಟು ಹಳದಿ ಎಲ್ಲಿಂದ ಬರಬೇಕು? ಸ್ವಲ್ಪ ಇಳಿಸು, ನಂಬುವ ಹಾಗಾಗುತ್ತದೆ.

ಜುಲೈಗೆ ಕರಾರು ಮುಗಿಯುತ್ತದೆ. ಇನ್ನೂ ಎರಡು ವರ್ಷ ಕೇಳುತ್ತಿದ್ದಾರೆ. ಕೈಯಲ್ಲಿ ಬೇರೇನೂ ಇಲ್ಲದಾಗ ಏನು ಮಾಡಲಿ ಹೇಳು.

ಸಂಗಮೇಶ


ಉಪ್ಪಾರಹಳ್ಳಿ
12 ಫೆಬ್ರವರಿ 2001

ನಮ್ಮನೆಯವರಿಗೆ,

ಅದು ಹುಚ್ಚೆಳ್ಳು. ಚೇಳೂರು. ನಮ್ಮಪ್ಪನ ಹೊಲದಲ್ಲಿ ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲು.

ನೀವು ಆ ಹೊಲವನ್ನು ನೋಡಿದ್ದೀರಿ. ನನ್ನನ್ನು ನೋಡಲು ಬಂದ ದಿನ ಬಸ್ಸಿಳಿದು ಅದರ ಬದುವಿನ ಮೇಲೇ ನಡೆದು ಬಂದಿರಿ. ಆಗಲೂ ಕಾರ್ತೀಕ, ಆಗಲೂ ಹೂ ಬಿಟ್ಟಿತ್ತು. ನಿಮ್ಮ ಹೊಸ ಪ್ಯಾಂಟಿಗೆ ಮಂಡಿಯ ತನಕ ಹಳದಿ ಅಂಟಿತ್ತು. ಅದನ್ನು ಕಂಡು ನನ್ನ ತಂಗಿ ಯಶಸ್ವಿನಿ ಕಾಫಿ ಲೋಟ ಹಿಡಿದುಕೊಂಡೇ ನಕ್ಕುಬಿಟ್ಟಳು. ನೀವು ಅದನ್ನು ಕೊಡವಲಿಲ್ಲ, ಹಾಗೆಯೇ ಕೂತಿದ್ದಿರಿ. ಈ ಮನುಷ್ಯನಿಗೆ ಹೂಂ ಅನ್ನಬಹುದು ಎಂದುಕೊಂಡು ನಾನು ಒಪ್ಪಿದೆ.

ಆ ಫೋಟೋ ಪ್ರಿಂಟ್ ಮಾಡುವಾಗ ಮೆಷಿನ್ನೂ ನಿಮ್ಮ ಹಾಗೆಯೇ ಹಟ ಹಿಡಿಯಿತು. ತಾನಾಗಿಯೇ ಹಳದಿಯನ್ನು ಇಳಿಸಿ ಇಳಿಸಿ ಕೊಟ್ಟಿತು. ಬಣ್ಣ ಹೆಚ್ಚಾದರೆ ಅದು ತಪ್ಪೆಂದೇ ಅದರ ಲೆಕ್ಕ. ಹೊಲದಿಂದ ತಂದ ಹೂವನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಬಣ್ಣ ಬರುವ ತನಕ ನಾನು ಬಿಡಲಿಲ್ಲ. ಹೊಲದಲ್ಲಿ ಏನಿತ್ತೋ ಅದೇ ಇದೆ, ಒಂದು ಚೂರೂ ಜಾಸ್ತಿ ಇಲ್ಲ.

ಮೂರೂವರೆ ವರ್ಷದಲ್ಲಿ ನೀವು ಕಂಡದ್ದನ್ನೆಲ್ಲ ನಾನು ಕಂಡೆ. ಬೆಟ್ಟ ಕಂಡೆ, ಕೆರೆ ಕಂಡೆ, ಬಂಡೆಯ ಮನೆ ಕಂಡೆ. ಒಂದೊಂದಕ್ಕೂ ಬೆರಗಾದೆ, ಸುಳ್ಳಲ್ಲ. ಆದರೆ ಇಲ್ಲಿ ನಾನು ಕಾಣುವುದನ್ನು ಕಾಣಲು ಯಾರಿದ್ದಾರೆ? ಕೈಯಲ್ಲಿ ಬೇರೇನೂ ಇಲ್ಲ ಎಂದು ಬರೆದಿದ್ದೀರಿ. ನನಗೆ ನೋವಾಯಿತು. ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಕಾಂತೇಶಣ್ಣನ ಮಳಿಗೆ ಖಾಲಿ ಇದೆ. ಗುರುಸಿದ್ದಯ್ಯನವರು ಪ್ರಿಂಟ್ ನಮ್ಮಲ್ಲೇ ಮಾಡಿಸಿಕೊಳ್ಳಿ ಅಂದಿದ್ದಾರೆ. ಕ್ಯಾಲೆಂಡರ್ ಬೇಡ, ಮದುವೆ ನಾಮಕರಣ ಸಾಕು.

ನಾನು ಏನನ್ನೂ ತಿದ್ದಿಲ್ಲ. ನಂಬಿಕೆ ಬರದಿದ್ದರೆ ಬಂದು ನೋಡಿ.

ರೂಪ


ಕಾಯ್ಸ್
6 ಮೇ 2001

ರೂಪಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಜೇಬಿನಲ್ಲಿಟ್ಟುಕೊಂಡೇ ಟವರ್ ಹತ್ತಿ ಇಳಿದಿದ್ದೇನೆ. ಆ ಫೋಟೋ ನಾನು ಮಲಗುವ ಕಡೆ ಗೋಡೆಯ ಮೇಲಿದೆ. ಇಲ್ಲಿಯವರು ಬಂದು ನಿಂತು ನೋಡುತ್ತಾರೆ, ಇಂಥ ಜಾಗ ಎಲ್ಲಾದರೂ ಇರುತ್ತದೆಯೇ ಎಂದು ನನ್ನನ್ನು ಕೇಳುತ್ತಾರೆ. ಇದೆ, ನಾನು ಅದರಲ್ಲಿ ನಡೆದಿದ್ದೇನೆ ಅನ್ನುತ್ತೇನೆ. ಉಪ್ಪು ಖಾರ ಹಚ್ಚುತ್ತಿದ್ದಾನೆ ಎಂದು ನಗುತ್ತಾರೆ.

ಮೊನ್ನೆ ನಾವು ಎಳೆದ ಲೈನಿಗೆ ಪರೀಕ್ಷೆಗೆಂದು ಕರೆಂಟು ಬಿಟ್ಟರು. ಹೊತ್ತು ಮುಳುಗಿತ್ತು. ನದಿಯ ಆಚೆ ಕತ್ತಲಾಗಿದ್ದ ಊರುಗಳಲ್ಲಿ ಒಂದೊಂದೇ ದೀಪ ಹತ್ತಿತು. ಮಕ್ಕಳು ಕೂಗಿದ್ದು ನಮಗೆ ಕೇಳಿಸಿತು. ನನ್ನ ಹತ್ತಿರ ಕ್ಯಾಮೆರಾ ಇತ್ತು. ತೆಗೆಯಲಿಲ್ಲ. ನೀನು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು, ಅಷ್ಟೇ ಅನ್ನಿಸಿದ್ದು. ಆ ಕೆರೆಯ ಮುಂದೆ ಆಗದೆ ಹೋದದ್ದು ಇಲ್ಲಿ ಆಯಿತು.

ಕಂಪನಿಯ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಅಮ್ಮನಿಗೆ ಹೇಳು, ಜಗಲಿಯಲ್ಲಿ ಕೂರಲು ಇನ್ನು ಅವರೆಕಾಯಿಯ ನೆಪ ಬೇಡ. ಕಾಂತೇಶನ ಹತ್ತಿರ ಮಳಿಗೆಯ ಮಾತಾಡಿದ್ದೇನೆ. ಚೇಳೂರಿಗೆ ಹೋದಾಗ ಮಾವನಿಗೂ ಒಂದು ಮಾತು ತಿಳಿಸು. ಈ ಸಲ ರಾಗಿ ಬಿತ್ತುವಾಗ ಹುಚ್ಚೆಳ್ಳಿನ ಸಾಲು ತಪ್ಪಿಸಬಾರದು, ಸಾಧ್ಯವಾದರೆ ನಾಲ್ಕು ಸಾಲು ಹೆಚ್ಚೇ ಹಾಕಲಿ.

ಕಾರ್ತೀಕದಲ್ಲಿ ನಾವಿಬ್ಬರೂ ಬಸ್ಸಿಳಿದು ಆ ಬದುವಿನ ಮೇಲೆ ನಡೆಯೋಣ. ಕ್ಯಾಮೆರಾ ನೀನೇ ಹಿಡಿದುಕೋ. ನಾನು ಬಿಳಿ ಪ್ಯಾಂಟು ಹಾಕಿಕೊಂಡು ಬರುತ್ತೇನೆ. ತಿದ್ದಲು ಬಿಳಿಯದ್ದು ಒಂದು ಬೇಕು ಅನ್ನುತ್ತೀಯಲ್ಲ.

ನಿನ್ನ
ಸಂಗಮೇಶ